ಭೂಗೋಳ ಬೋಧನೆಯಲ್ಲಿ ವರ್ಚುವಲ್ ಗ್ಲೋಬ್

ವರ್ಚುವಲ್ ಗ್ಲೋಬ್ ಎಂಬುದು ಉಪಗ್ರಹ ಚಿತ್ರ, ವೈಮಾನಿಕ ಚಿತ್ರ ಹಾಗೂ ನೆಲದ ಎತ್ತರದ ದತ್ತಾಂಶಗಳನ್ನು ಜೋಡಿಸಿ, ಭೂಮಿಯನ್ನು ಮೂರು ಆಯಾಮಗಳ ಗೋಳವಾಗಿ ಗಣಕಯಂತ್ರದ ಪರದೆಯ ಮೇಲೆ ತೋರಿಸುವ ತಂತ್ರಾಂಶ. ಇಂತಹ ತಂತ್ರಾಂಶಗಳಲ್ಲಿ ಗೂಗಲ್ ಅರ್ಥ್ ಹೆಚ್ಚು ಪರಿಚಿತವಾದುದು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಭುವನ್, ಕೆಡಿಇ ಸಮುದಾಯದ ಮಾರ್ಬಲ್ ಮತ್ತು ನಾಸಾದ ವರ್ಲ್ಡ್ ವಿಂಡ್ ಇದೇ ಗುಂಪಿಗೆ ಸೇರುತ್ತವೆ. ಇವುಗಳ ಜೊತೆಗೆ ಓಪನ್‌ಸ್ಟ್ರೀಟ್‌ಮ್ಯಾಪ್, ಕ್ಯೂಜಿಐಎಸ್ ಮೊದಲಾದ ನಕ್ಷೆ ತಯಾರಿಕೆಯ ಸಾಧನಗಳೂ ಶಾಲಾ ಕಾಲೇಜುಗಳ ಭೂಗೋಳ, ಇತಿಹಾಸ, ಪರಿಸರ ವಿಜ್ಞಾನ ಮತ್ತು ಗಣಿತದ ಪಾಠಗಳಲ್ಲಿ ಬಳಕೆಯಾಗುತ್ತಿವೆ.

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ವಿದ್ಯಾರ್ಥಿಗೆ ತನ್ನ ಊರು ಕಾಣುವುದಿಲ್ಲ. ವರ್ಚುವಲ್ ಗ್ಲೋಬಿನಲ್ಲಿ ಊರಷ್ಟೇ ಅಲ್ಲ, ಶಾಲೆಯ ಮಾಡೂ ಕಾಣುತ್ತದೆ. ಬೋಧನೆಯ ದೃಷ್ಟಿಯಿಂದ ಈ ತಂತ್ರಾಂಶದ ದೊಡ್ಡ ಗುಣವೂ ದೊಡ್ಡ ಅಪಾಯವೂ ಇದೇ ಆಗಿದೆ. ಚಿತ್ರವು ನಿಜದಂತೆ ಕಾಣುವುದರಿಂದ ಅದೂ ಒಂದು ನಕ್ಷೆಯೇ, ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಉಪಕರಣಗಳಿಂದ ಅಳೆದು ಹೊಲಿದ ಚಿತ್ರವೇ ಎಂಬುದು ಸುಲಭವಾಗಿ ಮರೆತುಹೋಗುತ್ತದೆ.

ಹಿನ್ನೆಲೆ

ಇಡೀ ಭೂಮಿಯ ಮಾಹಿತಿಯನ್ನು ಗಣಕದಲ್ಲಿ ಒಂದು ಗೋಳವಾಗಿ ಕಟ್ಟಿ, ಶಾಲಾ ಬಾಲಕಿಯೊಬ್ಬಳು ಅದರಲ್ಲಿ ಓಡಾಡುವಂತಾಗಬೇಕು ಎಂಬ ಕಲ್ಪನೆಯನ್ನು ಅಮೆರಿಕದ ಅಂದಿನ ಉಪಾಧ್ಯಕ್ಷ ಅಲ್ ಗೋರ್ 1998ರ ಭಾಷಣವೊಂದರಲ್ಲಿ ಮುಂದಿಟ್ಟರು. ಅದಕ್ಕೆ ಅವರು ಕೊಟ್ಟ ಹೆಸರು ‘ಡಿಜಿಟಲ್ ಅರ್ಥ್’. ನಾಸಾ ತನ್ನ ವರ್ಲ್ಡ್ ವಿಂಡ್ ತಂತ್ರಾಂಶವನ್ನು 2004ರಲ್ಲಿ ಬಿಡುಗಡೆ ಮಾಡಿತು. ಕೀಹೋಲ್ ಎಂಬ ಕಂಪನಿ ರೂಪಿಸಿದ್ದ ಅರ್ಥ್‌ವ್ಯೂವರ್ ತಂತ್ರಾಂಶವನ್ನು ಗೂಗಲ್ 2004ರಲ್ಲಿ ಕೊಂಡು, 2005ರ ಜೂನ್‌ನಲ್ಲಿ ಗೂಗಲ್ ಅರ್ಥ್ ಎಂಬ ಹೆಸರಿನಿಂದ ಹೊರತಂದಿತು. ಸ್ಥಳಗುರುತುಗಳನ್ನು ಕಡತವಾಗಿ ಉಳಿಸುವ ಅದರ ಕೆಎಂಎಲ್ ಎಂಬ ಮಾದರಿಯು 2008ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಹೀಗಾಗಿ ಒಂದು ತಂತ್ರಾಂಶದಲ್ಲಿ ಗುರುತಿಸಿದ ಸ್ಥಳಗಳನ್ನು ಇನ್ನೊಂದರಲ್ಲಿಯೂ ತೆರೆಯಬಹುದು. ಹಿಂದಿನ ವರ್ಷಗಳ ಚಿತ್ರಗಳನ್ನು ನೋಡುವ ಸೌಲಭ್ಯ 2009ರಲ್ಲಿ ಸೇರಿತು. ಹಣ ಕೊಟ್ಟು ಪಡೆಯಬೇಕಿದ್ದ ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತವಾಗಿದೆ. ಬ್ರೌಸರ್‌ನಲ್ಲಿಯೇ ತೆರೆಯುವ ಆವೃತ್ತಿ 2017ರಲ್ಲಿ ಬಂದಿತು.

ಇಸ್ರೋದ ಭುವನ್ 2009ರ ಆಗಸ್ಟ್‌ನಲ್ಲಿ ಆರಂಭವಾಯಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದನಾ ಕೇಂದ್ರವು ಇದನ್ನು ನಡೆಸುತ್ತದೆ. ಭೂಬಳಕೆ, ಬಂಜರು ಭೂಮಿ, ಜಲಮೂಲಗಳಂತಹ ವಿಷಯಾಧಾರಿತ ಪದರಗಳು ಇದರ ವಿಶೇಷ. ಶಾಲಾ ಪಠ್ಯಕ್ಕೆ ಹೊಂದುವ ನಕ್ಷೆಗಳನ್ನು ಎನ್‌ಸಿಇಆರ್‌ಟಿಯ ಸಹಯೋಗದ ‘ಸ್ಕೂಲ್ ಭುವನ್’ ಪುಟದಲ್ಲಿ ಕೊಡಲಾಗಿದೆ. ಪದವಿಪೂರ್ವ ಹಂತದಲ್ಲಿ ಬಳಸಲಾಗುವ ಎನ್‌ಸಿಇಆರ್‌ಟಿಯ ಪ್ರಾಯೋಗಿಕ ಭೂಗೋಳದ ಪುಸ್ತಕಗಳಲ್ಲಿ ಸ್ಥಳಾಕೃತಿ ನಕ್ಷೆ, ದೂರಸಂವೇದನೆ ಮತ್ತು ಪ್ರಾದೇಶಿಕ ಮಾಹಿತಿ ತಂತ್ರಜ್ಞಾನಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಆ ಅಧ್ಯಾಯಗಳನ್ನು ಕೇವಲ ಓದಿಸುವುದಕ್ಕೂ ಪರದೆಯ ಮೇಲೆ ಮಾಡಿಸುವುದಕ್ಕೂ ಬಹಳ ಅಂತರವಿದೆ.

ಪರದೆಯ ಮೇಲೆ ಕಾಣುವುದೇನು?

ವರ್ಚುವಲ್ ಗ್ಲೋಬಿನಲ್ಲಿ ಕಾಣುವುದು ಈ ಕ್ಷಣದ ಭೂಮಿಯಲ್ಲ. ಬಹುತೇಕ ವಿದ್ಯಾರ್ಥಿಗಳು ಮೊದಲ ದಿನ ಶಾಲೆಯ ಅಂಗಳಕ್ಕೆ ಓಡಿ ಕೈಬೀಸಿದರೆ ಪರದೆಯಲ್ಲಿ ಕಾಣಿಸಬಹುದೆಂದು ಭಾವಿಸುತ್ತಾರೆ. ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು. ಚಿತ್ರ ತೆಗೆದ ದಿನಾಂಕವನ್ನು ಗೂಗಲ್ ಅರ್ಥ್ ಪ್ರೊ ಪರದೆಯ ಕೆಳಭಾಗದಲ್ಲಿ ತೋರಿಸುತ್ತದೆ. ಒಂದೇ ತಾಲ್ಲೂಕಿನ ಎರಡು ಅಂಚುಗಳ ಚಿತ್ರಗಳು ಎರಡು ಬೇರೆ ವರ್ಷಗಳವಾಗಿರಬಹುದು. ಹೊಲಗಳ ಬಣ್ಣವು ನೇರ ಗೆರೆಯೊಂದರ ಉದ್ದಕ್ಕೂ ಥಟ್ಟನೆ ಬದಲಾದರೆ ಅದು ನೆಲದ ಗಡಿಯಲ್ಲ, ಎರಡು ಚಿತ್ರಗಳನ್ನು ಹೊಲಿದ ಅಂಚು. ಮೋಡವಿಲ್ಲದ ದಿನಗಳ ಚಿತ್ರಗಳನ್ನೇ ಆರಿಸುವುದರಿಂದ ಮಲೆನಾಡು ಮತ್ತು ಕರಾವಳಿಯ ಭಾಗಗಳು ಹೆಚ್ಚಾಗಿ ಬೇಸಿಗೆಯ ಅಥವಾ ಚಳಿಗಾಲದ ರೂಪದಲ್ಲಿಯೇ ಕಾಣಿಸುತ್ತವೆ. ಮುಂಗಾರಿನ ಜೋಗವನ್ನು ಅಲ್ಲಿ ಹುಡುಕಿದರೆ ನಿರಾಸೆಯೇ ಹೆಚ್ಚು.

ಚಿತ್ರಗಳ ಸೂಕ್ಷ್ಮತೆಯೂ ಒಂದೇ ಸಮನಾಗಿರುವುದಿಲ್ಲ. ದೂರದಿಂದ ನೋಡುವಾಗ ಬಳಕೆಯಾಗುವ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲಿನ 30 ಮೀಟರ್ ಉದ್ದಗಲದ ಚೌಕವನ್ನು ಪ್ರತಿನಿಧಿಸುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚುಕ್ಕೆ 10 ಮೀಟರಿನದು. ಹತ್ತಿರಕ್ಕೆ ಹೋದಾಗ ಖಾಸಗಿ ಉಪಗ್ರಹಗಳ ಮತ್ತು ವಿಮಾನಗಳಿಂದ ತೆಗೆದ ಇನ್ನೂ ಸೂಕ್ಷ್ಮ ಚಿತ್ರಗಳು ಬರುತ್ತವೆ. 30 ಮೀಟರ್ ಎಂದರೆ ಎಷ್ಟೆಂಬುದನ್ನು ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು ಅಳೆಸಿದರೆ, ಅಂತಹ ಚಿತ್ರದಲ್ಲಿ ಬಾವಿಯಾಗಲಿ ಎತ್ತಿನ ಗಾಡಿಯಾಗಲಿ ಏಕೆ ಕಾಣದೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಬೆಟ್ಟ ಕಣಿವೆಗಳ ಏರಿಳಿತಕ್ಕೆ ಬೇರೆ ದತ್ತಾಂಶ ಬೇಕು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯು 11 ದಿನಗಳ ಯಾನದಲ್ಲಿ ರೇಡಾರ್ ಮೂಲಕ ಉತ್ತರ 60° ಮತ್ತು ದಕ್ಷಿಣ 56° ಅಕ್ಷಾಂಶಗಳ ನಡುವಿನ ನೆಲದ ಎತ್ತರವನ್ನು ಅಳೆಯಿತು. ಎಸ್‌ಆರ್‌ಟಿಎಂ ಎಂದು ಕರೆಯಲಾಗುವ ಈ ದತ್ತಾಂಶ ಅನೇಕ ತಂತ್ರಾಂಶಗಳ ಬೆನ್ನೆಲುಬಾಗಿದೆ. ಭಾರತದ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿಚಿತ್ರಗಳಿಂದಲೂ ಇಂತಹ ಎತ್ತರದ ಮಾದರಿಯನ್ನು ಸಿದ್ಧಪಡಿಸಲಾಗಿದೆ. ಈ ಎತ್ತರದ ಹಾಸಿನ ಮೇಲೆ ಉಪಗ್ರಹ ಚಿತ್ರವನ್ನು ಬಟ್ಟೆಯಂತೆ ಹೊದಿಸಲಾಗುತ್ತದೆ. ಆದುದರಿಂದಲೇ ಕೆಲವು ಸೇತುವೆಗಳು ಕಣಿವೆಯೊಳಕ್ಕೆ ಜೋತುಬಿದ್ದಂತೆಯೂ, 253 ಮೀಟರ್ ಎತ್ತರದಿಂದ ಧುಮುಕುವ ಜೋಗದ ಲಂಬ ಬಂಡೆ ಸವೆದ ಇಳಿಜಾರಿನಂತೆಯೂ ಕಾಣುವುದುಂಟು. ಇದನ್ನು ತಂತ್ರಾಂಶದ ದೋಷವೆಂದು ತಳ್ಳಿಹಾಕುವುದಕ್ಕಿಂತ, ಬಿಡಿ ಬಿಡಿ ಬಿಂದುಗಳ ಎತ್ತರವನ್ನಷ್ಟೇ ಅಳೆದು ನಡುವಿನದನ್ನು ಅಂದಾಜಿನಿಂದ ತುಂಬಿದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆಯಾಗಿ ತೋರಿಸಬಹುದು.

ಅಕ್ಷಾಂಶ, ರೇಖಾಂಶ ಮತ್ತು ಅಳತೆ

ಅಕ್ಷಾಂಶ ರೇಖಾಂಶಗಳು ವಿದ್ಯಾರ್ಥಿಗಳಿಗೆ ಬಾಯಿಪಾಠದ ವಿಷಯವಾಗಿಯೇ ಉಳಿಯುವುದು ಸಾಮಾನ್ಯ. ಬೆಂಗಳೂರು ಸರಿಸುಮಾರು ಉತ್ತರ 12.97° ಅಕ್ಷಾಂಶ, ಪೂರ್ವ 77.59° ರೇಖಾಂಶದಲ್ಲಿದೆ ಎಂಬ ಸಂಖ್ಯೆ ಪರದೆಯಲ್ಲಿ ಕರ್ಸರ್ ಸರಿದಂತೆ ಸರಿಯುವುದನ್ನು ಕಂಡಾಗ ಅದು ವಿಳಾಸವಾಗಿ ಅರ್ಥವಾಗುತ್ತದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ.; ಒಂದು ಮಿನಿಟು ಸುಮಾರು 1.85 ಕಿ.ಮೀ.; ಒಂದು ಸೆಕೆಂಡು ಸುಮಾರು 31 ಮೀಟರ್. ದಶಮಾಂಶ ಪದ್ಧತಿಯಲ್ಲಿ ಬರೆದರೆ ನಾಲ್ಕನೆಯ ಸ್ಥಾನದ ಅಂಕಿಯು ಸುಮಾರು 11 ಮೀಟರನ್ನು, ಆರನೆಯ ಸ್ಥಾನದ್ದು ಸುಮಾರು 11 ಸೆಂಟಿಮೀಟರನ್ನು ಸೂಚಿಸುತ್ತದೆ. ಮೊಬೈಲ್ ಫೋನು ಆರು ಸ್ಥಾನಗಳನ್ನು ತೋರಿಸಿದರೂ ಅದರ ಜಿಪಿಎಸ್ ಸಾಮಾನ್ಯವಾಗಿ ಕೆಲವು ಮೀಟರುಗಳಷ್ಟು ತಪ್ಪುತ್ತದೆ. ಶಾಲೆಯ ಧ್ವಜಸ್ತಂಭದ ಬಳಿ ಐದಾರು ಫೋನುಗಳಿಂದ ಸ್ಥಾನವನ್ನು ದಾಖಲಿಸಿ, ಆ ಬಿಂದುಗಳನ್ನೆಲ್ಲ ಗೂಗಲ್ ಅರ್ಥ್‌ನಲ್ಲಿ ಹಾಕಿದರೆ ಅವು ಒಂದೇ ಕಡೆ ಬೀಳದೆ ಚದುರುತ್ತವೆ. ಅಂಕಿಗಳ ಉದ್ದವೇ ನಿಖರತೆಯಲ್ಲ ಎಂಬುದನ್ನು ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಸಿಗದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಳೆಯ ಟೋಪೋಶೀಟುಗಳನ್ನು ಪರದೆಯ ಚಿತ್ರದೊಡನೆ ಹೋಲಿಸುವಾಗ ಒಂದು ಎಚ್ಚರ ಬೇಕು. ಆ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿವೆ. ಜಿಪಿಎಸ್ ಮತ್ತು ವರ್ಚುವಲ್ ಗ್ಲೋಬುಗಳು ಡಬ್ಲ್ಯೂಜಿಎಸ್-84 ಎಂಬ ಆಧಾರವನ್ನು ಬಳಸುತ್ತವೆ. ಹೀಗಾಗಿ ಎರಡೂ ಸರಿಯಾಗಿದ್ದರೂ ಒಂದೇ ದೇವಸ್ಥಾನದ ಸ್ಥಾನದಲ್ಲಿ ನೂರು ಮೀಟರಿಗೂ ಮಿಗಿಲಾದ ವ್ಯತ್ಯಾಸ ತೋರಬಹುದು. ಇಲಾಖೆಯ ಹೊಸ ಮುಕ್ತ ಶ್ರೇಣಿಯ ನಕ್ಷೆಗಳಲ್ಲಿ ಡಬ್ಲ್ಯೂಜಿಎಸ್-84 ಆಧಾರವನ್ನೇ ಅಳವಡಿಸಲಾಗಿದೆ.

ಸೂರ್ಯನ ಬೆಳಕನ್ನು ತೋರಿಸುವ ಸೌಲಭ್ಯ ಗೂಗಲ್ ಅರ್ಥ್ ಪ್ರೊ ಮತ್ತು ಮಾರ್ಬಲ್ ಎರಡರಲ್ಲೂ ಇದೆ. ಜೂನ್ 21 ಮತ್ತು ಡಿಸೆಂಬರ್ 22ರಂದು ಹಗಲು ರಾತ್ರಿಗಳ ಗಡಿರೇಖೆ ಹೇಗೆ ಓರೆಯಾಗುತ್ತದೆಂಬುದನ್ನು ಅದರಲ್ಲಿ ನೋಡಬಹುದು. ಬೆಂಗಳೂರು, ಮಂಗಳೂರುಗಳ ಅಕ್ಷಾಂಶದಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ನೇರ ನಿಲ್ಲಿಸಿದ ಕೋಲಿಗೆ ಆಗ ನೆರಳಿರುವುದಿಲ್ಲ. ಬೆಂಗಳೂರಿನಲ್ಲಿ ಇದು ಸರಿಯಾಗಿ 12 ಗಂಟೆಗೆ ಆಗದೆ 12 ಗಂಟೆ 20 ನಿಮಿಷದ ಸುಮಾರಿಗೆ ಏಕೆ ಆಗುತ್ತದೆ ಎಂದು ಕೇಳಿದರೆ, ಭಾರತದ ಪ್ರಮಾಣ ಸಮಯವು 82.5° ಪೂರ್ವ ರೇಖಾಂಶವನ್ನು ಆಧರಿಸಿದೆ ಎಂಬ ಪಠ್ಯಪುಸ್ತಕದ ವಾಕ್ಯಕ್ಕೆ ಒಮ್ಮೆಗೇ ಜೀವ ಬರುತ್ತದೆ.

ಘಟ್ಟದ ಅಡ್ಡಚಿತ್ರ: ಮಲ್ಪೆಯಿಂದ ಆಗುಂಬೆಗೆ

ಗೂಗಲ್ ಅರ್ಥ್ ಪ್ರೊದಲ್ಲಿ ‘ಪಾಥ್’ ಸಾಧನದಿಂದ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಶೋ ಎಲಿವೇಶನ್ ಪ್ರೊಫೈಲ್’ ಎಂಬುದನ್ನು ಆರಿಸಿದರೆ ಆ ದಾರಿಯ ಎತ್ತರದ ಅಡ್ಡಚಿತ್ರ ಮೂಡುತ್ತದೆ. ಪಶ್ಚಿಮ ಘಟ್ಟಗಳನ್ನು ಕಲಿಸಲು ಇದು ಬಹಳ ಉಪಯುಕ್ತ. ಮಲ್ಪೆಯ ಕಡಲತೀರದಿಂದ ಆಗುಂಬೆಗೆ ಎಳೆದ ನೇರ ಗೆರೆಯ ಉದ್ದ ಸುಮಾರು 45 ಕಿ.ಮೀ. ಅದರಲ್ಲಿ ಬಹುಪಾಲು ದೂರದವರೆಗೆ ನೆಲ ಸಣ್ಣ ದಿಣ್ಣೆಗಳಿಂದ ಕೂಡಿ ತಗ್ಗಿನಲ್ಲಿಯೇ ಸಾಗುತ್ತದೆ. ಸೋಮೇಶ್ವರ ದಾಟಿದ ಮೇಲೆ ಕೆಲವೇ ಕಿಲೋಮೀಟರುಗಳಲ್ಲಿ ಗೆರೆ ಗೋಡೆಯಂತೆ ಎದ್ದು 650 ಮೀಟರಿನ ಆಸುಪಾಸಿಗೆ ತಲುಪುತ್ತದೆ. ಅದೇ ಗೆರೆಯನ್ನು ತೀರ್ಥಹಳ್ಳಿಯ ಮೂಲಕ ಶಿವಮೊಗ್ಗದವರೆಗೆ ಮುಂದುವರಿಸಿದರೆ ಆ ಕಡೆ ಇಳಿತವೇ ಇಲ್ಲವೆನ್ನುವಷ್ಟು ಕಡಿಮೆ. ಘಟ್ಟವು ಎರಡೂ ಕಡೆ ಇಳಿಜಾರಿರುವ ಪರ್ವತವಲ್ಲ, ಪ್ರಸ್ಥಭೂಮಿಯ ಒಡೆದ ಅಂಚು ಎಂಬುದನ್ನು ಮಾತಿನಲ್ಲಿ ವಿವರಿಸುವುದು ಕಷ್ಟ. ಈ ಚಿತ್ರ ಅದನ್ನು ಒಂದು ನಿಮಿಷದಲ್ಲಿ ತೋರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಶಿವಮೊಗ್ಗಕ್ಕೆ ಅದರ ಸಣ್ಣ ಪಾಲಷ್ಟೇ ಸಿಗುವುದೇಕೆ ಎಂಬ ಪ್ರಶ್ನೆಯನ್ನು ಇಲ್ಲಿಂದ ಎತ್ತಬಹುದು.

ಆದರೆ ಈ ಅಡ್ಡಚಿತ್ರದಲ್ಲಿ ಎತ್ತರದ ಪ್ರಮಾಣ ಮತ್ತು ದೂರದ ಪ್ರಮಾಣ ಒಂದೇ ಆಗಿರುವುದಿಲ್ಲ. ಎರಡಕ್ಕೂ ಒಂದೇ ಪ್ರಮಾಣ ಬಳಸಿ, 45 ಕಿ.ಮೀ. ದೂರವನ್ನು 45 ಸೆಂ.ಮೀ. ಉದ್ದದ ಕಾಗದದ ಮೇಲೆ ಬರೆದರೆ 650 ಮೀಟರ್ ಎತ್ತರದ ಘಟ್ಟ ಕೇವಲ 6.5 ಮಿ.ಮೀ. ಏರುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಹದಿನಾಲ್ಕು ತಿರುವುಗಳ ಆ ಘಟ್ಟವನ್ನು ಬಸ್ಸಿನಲ್ಲಿ ಹತ್ತಿ ಬಂದವರಿಗೆ ಉತ್ತರ ನಂಬಲಾಗದಂತೆ ತೋರುತ್ತದೆ. ಗೂಗಲ್ ಅರ್ಥ್ ಪ್ರೊದ ಆಯ್ಕೆಗಳಲ್ಲಿ ಎತ್ತರವನ್ನು ಮೂರು ಪಟ್ಟಿನವರೆಗೆ ಹಿಗ್ಗಿಸಿ ತೋರಿಸುವ ಅವಕಾಶವೂ ಇದೆ. ಹಿಗ್ಗಿಸಿದ ಬೆಟ್ಟ ನೋಡಲು ಚೆಂದ. ಹಿಗ್ಗಿಸಿರುವ ವಿಷಯವನ್ನು ತಿಳಿಸದೆ ತೋರಿಸುವುದು ಸರಿಯಲ್ಲ.

ಕೆರೆಯನ್ನು ಓದುವುದು

ಬಯಲುಸೀಮೆಯ ಶಾಲೆಗಳಿಗೆ ಅತ್ಯಂತ ಹತ್ತಿರದ ಅಭ್ಯಾಸವೆಂದರೆ ಊರಿನ ಕೆರೆ. ಮೇಲಿನಿಂದ ನೋಡಿದಾಗ ಕೆರೆಯ ಒಂದು ಬದಿ ನೇರವಾಗಿ ಅಥವಾ ತುಸು ಬಾಗಿದ ಗೆರೆಯಂತೆ ಇರುತ್ತದೆ, ಅದೇ ಏರಿ. ಎದುರು ಬದಿಯ ಅಂಚು ಬೆರಳುಗಳಂತೆ ಒಳಚಾಚಿಕೊಂಡಿರುತ್ತದೆ. ನೀರು ಬಂದು ಸೇರುವ ಹಳ್ಳಗಳ ಕಡೆ ಅದು. ಏರಿಯ ಕೆಳಗಿನ ಹಸಿರು ಪಟ್ಟಿ ಅಚ್ಚುಕಟ್ಟು ಪ್ರದೇಶ. ಇಷ್ಟನ್ನು ಗುರುತಿಸಿದರೆ ಎತ್ತರದ ಯಾವ ಅಂಕಿಯೂ ಇಲ್ಲದೆ ನೆಲದ ಇಳಿಜಾರಿನ ದಿಕ್ಕನ್ನು ಹೇಳಬಹುದು. ಅನಂತರ ಕೋಡಿಯನ್ನು ಹುಡುಕಿ, ಅಲ್ಲಿಂದ ಹೊರಟ ನೀರಿನ ದಾರಿಯನ್ನು ಬೆರಳಿನಿಂದ ಅನುಸರಿಸಿದರೆ ಅದು ಸಾಮಾನ್ಯವಾಗಿ ಮುಂದಿನ ಊರಿನ ಕೆರೆಗೆ ಮುಟ್ಟುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹೀಗೆ ಒಂದಕ್ಕೊಂದು ಪೋಣಿಸಿದ ಕೆರೆಗಳ ಸರಣಿಯನ್ನು ನೋಡುವುದು ಸುಲಭ. ಆ ದಾರಿಯ ನಡುವೆ ಬಡಾವಣೆಯೋ ರಸ್ತೆಯೋ ಬಂದಿರುವುದನ್ನು ವಿದ್ಯಾರ್ಥಿ ತಾನೇ ಕಂಡುಹಿಡಿದರೆ, ಕೆಳಗಿನ ಕೆರೆ ಏಕೆ ತುಂಬುತ್ತಿಲ್ಲ ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಬೇಕಾಗಿಯೇ ಇಲ್ಲ.

ಇಲ್ಲಿಯೇ ತಪ್ಪು ಓದಿಗೆ ಅವಕಾಶವೂ ಹೆಚ್ಚು. ಮಾರ್ಚ್ ತಿಂಗಳ ಚಿತ್ರವನ್ನು ಹಿಂದಿನ ಯಾವುದೋ ವರ್ಷದ ಅಕ್ಟೋಬರ್ ಚಿತ್ರದೊಡನೆ ಹೋಲಿಸಿ ‘ಕೆರೆ ಬತ್ತಿಹೋಗಿದೆ’ ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಹೋಲಿಸುವ ಚಿತ್ರಗಳು ಒಂದೇ ಋತುವಿನವಾಗಿರಬೇಕು. ಆಯಾ ವರ್ಷಗಳ ಮಳೆಯ ಅಂಕಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಬತ್ತಿದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದರೆ ಮೇಲಿನಿಂದ ಅದು ತೋಟದಂತೆ ತೋರುತ್ತದೆ. ನೀರು ತುಂಬಿದ್ದರೂ ಜಲಕಳೆ ಮುಚ್ಚಿದ್ದರೆ ಹುಲ್ಲುಗಾವಲಿನಂತೆ ಕಾಣುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಹಲವು ಚಿತ್ರಗಳು ಇದಕ್ಕೆ ನಿದರ್ಶನ. ದೂರಸಂವೇದನೆಯ ತಜ್ಞರು ತಾವು ಪರದೆಯಲ್ಲಿ ಓದಿದ್ದನ್ನು ಸ್ಥಳಕ್ಕೆ ಹೋಗಿ ತಾಳೆ ನೋಡುವುದನ್ನು ಕ್ಷೇತ್ರ ಪರಿಶೀಲನೆ ಎನ್ನುತ್ತಾರೆ. ಅವರಿಗೆ ಅದು ಖರ್ಚಿನ ಕೆಲಸ. ಹಳ್ಳಿಯ ಶಾಲೆಗೆ ಸಂಜೆಯ ಒಂದು ನಡಿಗೆ. ತೂಬು ಎಲ್ಲಿದೆ, ಅದನ್ನು ಹಿಂದೆ ಯಾರು ಎತ್ತುತ್ತಿದ್ದರು, ಕೋಡಿ ಕೊನೆಯ ಬಾರಿ ಹರಿದದ್ದು ಯಾವಾಗ ಎಂಬುದನ್ನು ಯಾವ ಉಪಗ್ರಹವೂ ಹೇಳದು. ಊರಿನ ಹಿರಿಯರು ಹೇಳುತ್ತಾರೆ.

ಕಾಲದ ಬದಲಾವಣೆ: ಪಾವಗಡ

ಹಿಂದಿನ ಚಿತ್ರಗಳ ಸಾಧನದಿಂದ ಒಂದೇ ಸ್ಥಳವನ್ನು ಬೇರೆ ಬೇರೆ ವರ್ಷಗಳಲ್ಲಿ ನೋಡಬಹುದು. 1984ರಿಂದೀಚಿನ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸುವ ‘ಟೈಮ್‌ಲ್ಯಾಪ್ಸ್’ ಸೌಲಭ್ಯ 2021ರಲ್ಲಿ ಗೂಗಲ್ ಅರ್ಥ್‌ಗೆ ಸೇರಿತು. ಸಂಡೂರಿನ ಗಣಿಗಳು, ಬೆಂಗಳೂರಿನ ವಿಸ್ತರಣೆ, ನದೀಮುಖಗಳ ಮರಳುದಂಡೆಗಳ ಸರಿದಾಟ ಇವೆಲ್ಲ ಇದಕ್ಕೆ ಒಳ್ಳೆಯ ವಸ್ತುಗಳು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ವಿದ್ಯುತ್ ಪಾರ್ಕು ಅವುಗಳಲ್ಲಿ ಹೆಚ್ಚು ಸ್ಪಷ್ಟವಾದುದು. ತಿರುಮಣಿ ಮತ್ತು ಸುತ್ತಲಿನ ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹರಡಿರುವ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದರ ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. 2015ರ ಸುಮಾರಿನ ಚಿತ್ರದಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಹೊಲಗಳಿದ್ದಲ್ಲಿ 2020ರ ಚಿತ್ರದಲ್ಲಿ ಕಡುನೀಲಿ ಫಲಕಗಳ ಸಾಲುಗಳಿವೆ. ‘ಪಾಲಿಗನ್’ ಸಾಧನದಿಂದ ಫಲಕಗಳಿರುವ ಜಾಗದ ಸುತ್ತ ಗೆರೆ ಎಳೆದರೆ ತಂತ್ರಾಂಶ ವಿಸ್ತೀರ್ಣವನ್ನು ಕೊಡುತ್ತದೆ. 13,000 ಎಕರೆ ಎಂದರೆ ಸುಮಾರು 52.6 ಚದರ ಕಿ.ಮೀ. ವಿದ್ಯಾರ್ಥಿಗಳ ಅಳತೆ ಇದಕ್ಕೆ ಹೊಂದದಿದ್ದರೆ ಕಾರಣಗಳನ್ನು ಹುಡುಕಿಸಬೇಕು: ಫಲಕಗಳ ನಡುವೆ ಬಿಟ್ಟ ಜಾಗವನ್ನು ಸೇರಿಸಿದರೇ, ಬಿಟ್ಟರೇ? ರಸ್ತೆ, ವಿದ್ಯುತ್ ಉಪಕೇಂದ್ರಗಳನ್ನು ಏನು ಮಾಡಿದರು?

ಈ ಭೂಮಿಯನ್ನು ರೈತರಿಂದ ಕೊಂಡುಕೊಳ್ಳದೆ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಗಿದೆ. ಪದೇ ಪದೇ ಬರಕ್ಕೆ ತುತ್ತಾಗುವ ಪ್ರದೇಶದಲ್ಲಿ ಭೂಮಿಯಿದ್ದ ಕುಟುಂಬಕ್ಕೆ ವರ್ಷ ವರ್ಷ ಬರುವ ಬಾಡಿಗೆ ಒಂದು ಆಸರೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಪರಿಣಾಮ ಬೇರೆಯೇ ಆಗುತ್ತದೆ. ಚಿತ್ರದಲ್ಲಿ ಬಣ್ಣ ಬದಲಾದದ್ದು ಕಾಣುತ್ತದೆ, ಇದು ಕಾಣುವುದಿಲ್ಲ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಅಭಿವೃದ್ಧಿ’ ಅಥವಾ ‘ನಾಶ’ ಎಂಬ ಒಂದೇ ಪದದಲ್ಲಿ ಪಾಠ ಮುಗಿಸುವುದು ಈ ಸಾಧನದ ದುರ್ಬಳಕೆಯೆಂದೇ ಹೇಳಬೇಕು. ಏನು ಬದಲಾಯಿತು ಎಂಬುದಕ್ಕೆ ಚಿತ್ರ ಉತ್ತರ ಕೊಡುತ್ತದೆ. ಯಾರಿಗೆ ಏನಾಯಿತು ಎಂಬುದನ್ನು ಜನರನ್ನು ಕೇಳಿ, ವರದಿಗಳನ್ನು ಓದಿ ತಿಳಿಯಬೇಕು.

ಗೋಳ ಮತ್ತು ಚಪ್ಪಟೆ ನಕ್ಷೆ

ಅಂತರಜಾಲದ ಬಹುತೇಕ ಚಪ್ಪಟೆ ನಕ್ಷೆಗಳು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ಪ್ರಕ್ಷೇಪದ ಮಾರ್ಪಾಡನ್ನು ಬಳಸುತ್ತವೆ. ಅದರಲ್ಲಿ ಧ್ರುವಗಳತ್ತ ಹೋದಂತೆ ಭೂಭಾಗಗಳು ಉಬ್ಬುತ್ತವೆ. ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ತೋರುತ್ತದೆ. ವಾಸ್ತವದಲ್ಲಿ ಆಫ್ರಿಕವು ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ವರ್ಚುವಲ್ ಗ್ಲೋಬನ್ನು ತಿರುಗಿಸಿ ಎರಡನ್ನೂ ನೋಡಿದರೆ ಈ ಭ್ರಮೆ ಕಳೆಯುತ್ತದೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವೆ ಅಳತೆಪಟ್ಟಿಯ ಸಾಧನದಿಂದ ಗೆರೆ ಎಳೆದರೆ ಸುಮಾರು 14,000 ಕಿ.ಮೀ. ಉದ್ದದ ಆ ಗೆರೆ ಪೆಸಿಫಿಕ್ ಸಾಗರದ ನಡುವೆ ಹಾಯದೆ ಉತ್ತರ ಧ್ರುವದತ್ತ ಏರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನವನ್ನು ತಂದದ್ದು ಉತ್ತರ ಧ್ರುವದ ಮೇಲಿನಿಂದಲೇ. ಚಪ್ಪಟೆ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಇದನ್ನು ವಿವರಿಸಲಾಗದು.

ಸೌಕರ್ಯ ಕಡಿಮೆ ಇರುವ ಶಾಲೆಗಳಲ್ಲಿ

ವರ್ಚುವಲ್ ಗ್ಲೋಬಿಗೆ ವೇಗದ ಅಂತರಜಾಲ ಬೇಕೆಂಬುದು ನಿಜ, ಆದರೆ ಪಾಠಕ್ಕೆ ಅದು ಅನಿವಾರ್ಯವಲ್ಲ. ಗೂಗಲ್ ಅರ್ಥ್ ಪ್ರೊ ಒಮ್ಮೆ ನೋಡಿದ ಭಾಗಗಳ ಚಿತ್ರಗಳನ್ನು ಒಂದು ಮಿತಿಯವರೆಗೆ ಗಣಕದಲ್ಲಿಯೇ ಉಳಿಸಿಕೊಳ್ಳುತ್ತದೆ. ಶಿಕ್ಷಕರು ಸಂಪರ್ಕವಿರುವ ಕಡೆ ಬೇಕಾದ ಸ್ಥಳಗಳನ್ನು ಎಲ್ಲ ಎತ್ತರಗಳಿಂದಲೂ ಒಮ್ಮೆ ನೋಡಿಕೊಂಡು ಬಂದರೆ ತರಗತಿಯಲ್ಲಿ ಸಂಪರ್ಕವಿಲ್ಲದೆಯೂ ತಕ್ಕಮಟ್ಟಿಗೆ ತೋರಿಸಬಹುದು. ಆದರೂ ಇದನ್ನೇ ನಂಬಿ ಕೂರುವಂತಿಲ್ಲ. ಮುಖ್ಯ ಚಿತ್ರಗಳನ್ನು ಪ್ರತ್ಯೇಕವಾಗಿ ಉಳಿಸಿಟ್ಟುಕೊಳ್ಳುವುದು ಕ್ಷೇಮ. ಹಾಗೆ ಉಳಿಸುವಾಗ ಚಿತ್ರದ ದಿನಾಂಕ, ಪ್ರಮಾಣದ ಗೆರೆ ಮತ್ತು ಉತ್ತರ ದಿಕ್ಕು ಬಿಟ್ಟುಹೋಗಬಾರದು. ಮಾರ್ಬಲ್ ಹಳೆಯ ಗಣಕಗಳಲ್ಲಿಯೂ ನಡೆಯುತ್ತದೆ. ಅದರ ಮೂಲ ಭೂಪಟಗಳಿಗೆ ಅಂತರಜಾಲ ಬೇಡ. 1689ರ ಪ್ರಪಂಚ ಭೂಪಟವನ್ನು ಗೋಳಕ್ಕೆ ಹೊದಿಸಿ ತೋರಿಸುವ ಅದರ ಸೌಲಭ್ಯ ಇತಿಹಾಸದ ಶಿಕ್ಷಕರಿಗೂ ಉಪಯೋಗಿ. ದತ್ತಾಂಶವನ್ನು ಮೊದಲೇ ಇಳಿಸಿಕೊಂಡಿದ್ದರೆ ಕ್ಯೂಜಿಐಎಸ್ ಕೂಡ ಸಂಪರ್ಕವಿಲ್ಲದೆ ಕೆಲಸ ಮಾಡುತ್ತದೆ, ಆದರೆ ಅದನ್ನು ಕಲಿಯಲು ಸಮಯ ಬೇಕು. ಪ್ರೌಢಶಾಲೆಗಿಂತ ಪದವಿಪೂರ್ವ ಮತ್ತು ಪದವಿ ತರಗತಿಗಳಿಗೆ ಅದು ಹೊಂದುತ್ತದೆ.

ಒಂದೇ ಗಣಕ, ನಲವತ್ತು ವಿದ್ಯಾರ್ಥಿಗಳಿರುವಲ್ಲಿ ಶಿಕ್ಷಕರೇ ಮೌಸ್ ಹಿಡಿದು ಊರೂರು ಸುತ್ತಿಸಿದರೆ ಅದು ಸಿನಿಮಾ ತೋರಿಸಿದಂತೆ. ಅದಕ್ಕಿಂತ ಊರಿನ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಗುಂಪುಗಳಿಗೆ ಹಂಚಿ, ಮೇಲೆ ಪಾರದರ್ಶಕ ಹಾಳೆಯಿಟ್ಟು ರಸ್ತೆ, ಹಳ್ಳ, ತೋಟ, ಮನೆಗಳನ್ನು ಗುರುತಿಸಿ ಸೂಚಿ ಬರೆಯಿಸುವುದು ಹೆಚ್ಚು ಫಲಕಾರಿ. ನಕ್ಷೆಯನ್ನು ನೋಡುವವರು ಅಲ್ಲಿ ನಕ್ಷೆಯನ್ನು ಮಾಡುವವರಾಗುತ್ತಾರೆ. ಗಣಕವನ್ನು ಕೊನೆಯಲ್ಲಿ, ಗುಂಪುಗಳ ನಡುವೆ ಭಿನ್ನಾಭಿಪ್ರಾಯ ಬಂದ ಜಾಗಗಳನ್ನು ಹತ್ತಿರದಿಂದ ನೋಡಲು ಬಳಸಿದರೆ ಸಾಕು.

ಹೆಸರುಗಳು, ಗಡಿಗಳು ಮತ್ತು ಕಾನೂನು

ನಕ್ಷೆಗಳಲ್ಲಿ ಹಳ್ಳಿಗಳ ಹೆಸರುಗಳು ತಪ್ಪಾಗಿರುವುದು ಬಹಳ. ಇಂಗ್ಲಿಷಿನಿಂದ ಯಂತ್ರದ ಮೂಲಕ ಕನ್ನಡಕ್ಕೆ ಬಂದ ಹೆಸರುಗಳಲ್ಲಿ ಹ್ರಸ್ವ ದೀರ್ಘ, ‘ಲ’ ‘ಳ’ ಭೇದಗಳು ಕಳೆದುಹೋಗಿರುತ್ತವೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ. ಅದರಲ್ಲಿ ಪ್ರತಿ ಸ್ಥಳಕ್ಕೂ ಕನ್ನಡದ ಹೆಸರನ್ನು ಬೇರೆಯಾಗಿ ದಾಖಲಿಸುವ ಅವಕಾಶವಿದೆ. ವಿದ್ಯಾರ್ಥಿಗಳು ತಮ್ಮ ಊರಿನ ಕೆರೆ, ಹಳ್ಳ, ಗುಡ್ಡ, ಗೋಮಾಳಗಳ ಹೆಸರುಗಳನ್ನು ಸಂಗ್ರಹಿಸಿ ಸೇರಿಸಬಹುದು. ಗೂಗಲ್ ನಕ್ಷೆಯಿಂದ ನೋಡಿ ನಕಲು ಮಾಡುವುದು ಅಲ್ಲಿನ ನಿಯಮಕ್ಕೆ ವಿರುದ್ಧ. ಹೆಸರು ಸ್ಥಳದಿಂದಲೇ ಬರಬೇಕು. ವ್ಯಕ್ತಿಗಳ ಮನೆ, ಅವರ ಹೆಸರು, ಫೋನ್ ಸಂಖ್ಯೆಗಳನ್ನು ಸಾರ್ವಜನಿಕ ನಕ್ಷೆಗೆ ಸೇರಿಸಬಾರದೆಂಬುದನ್ನು ಮೊದಲೇ ಹೇಳಿರಬೇಕು.

ಕರ್ನಾಟಕದಲ್ಲಿ ಸರ್ವೆ ನಂಬರುಗಳನ್ನು ತೋರಿಸುವ ‘ದಿಶಾಂಕ್’ ಆ್ಯಪ್ ಬಳಕೆಯಲ್ಲಿದೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯುವುದು ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ಆದರೆ ಫೋನಿನ ಕೆಲವು ಮೀಟರುಗಳ ತಪ್ಪು ಹೊಲದ ಬದುವಿನ ವಿಷಯದಲ್ಲಿ ಸಣ್ಣದಲ್ಲ. ಜಮೀನಿನ ಗಡಿಯನ್ನು ನಿರ್ಧರಿಸುವುದು ಭೂಮಾಪಕರ ಅಳತೆಯೇ ಹೊರತು ಪರದೆಯ ಗೆರೆಯಲ್ಲ. ತರಗತಿಯ ಅಭ್ಯಾಸವೊಂದು ಊರಿನ ಜಗಳಕ್ಕೆ ಸಾಕ್ಷಿಯಾಗದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ದೇಶದ ಗಡಿಗಳ ವಿಷಯ ಇನ್ನೂ ಸೂಕ್ಷ್ಮವಾದುದು. ವಿವಾದಿತ ಗಡಿಗಳನ್ನು ಗೂಗಲ್ ಬೇರೆ ಬೇರೆ ದೇಶಗಳ ಬಳಕೆದಾರರಿಗೆ ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತದೆ. ಭಾರತದ ಗಡಿಯನ್ನು ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಹೊಂದದಂತೆ ಪ್ರಕಟಿಸುವುದು 1961ರ ಅಪರಾಧ ಕಾನೂನು ತಿದ್ದುಪಡಿ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಶಾಲಾ ಪತ್ರಿಕೆಗೆ ಅಥವಾ ವಸ್ತುಪ್ರದರ್ಶನಕ್ಕೆ ನಕ್ಷೆ ಸಿದ್ಧಪಡಿಸುವಾಗ ಇಲಾಖೆಯ ಅಧಿಕೃತ ನಕ್ಷೆಯನ್ನೇ ಆಧರಿಸಬೇಕು. ಸೂಕ್ಷ್ಮ ಉಪಗ್ರಹ ಚಿತ್ರಗಳು ಎಲ್ಲರಿಗೂ ಸಿಗುವುದರ ಕುರಿತು ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು 2005ರಲ್ಲಿಯೇ ಭದ್ರತೆಯ ದೃಷ್ಟಿಯಿಂದ ಆತಂಕ ವ್ಯಕ್ತಪಡಿಸಿದ್ದರು. ಅನಂತರದ ವರ್ಷಗಳಲ್ಲಿ ಸರ್ಕಾರದ ಧೋರಣೆ ಸಡಿಲವಾಯಿತು: 2021ರ ಫೆಬ್ರುವರಿಯ ಮಾರ್ಗಸೂಚಿಗಳು ನಕ್ಷೆ ತಯಾರಿಕೆಯಲ್ಲಿ ಭಾರತೀಯರಿಗಿದ್ದ ಪೂರ್ವಾನುಮತಿಯ ಅಗತ್ಯವನ್ನು ಬಹುಮಟ್ಟಿಗೆ ತೆಗೆದುಹಾಕಿದವು, 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಪ್ರಕಟವಾಯಿತು. ಬೆಂಗಳೂರಿನಲ್ಲಿ 2011ರಲ್ಲಿ ಪೊಲೀಸರ ಆಕ್ಷೇಪದಿಂದ ನಿಂತುಹೋಗಿದ್ದ ಗೂಗಲ್ ಸ್ಟ್ರೀಟ್ ವ್ಯೂ ಭಾರತೀಯ ಕಂಪನಿಗಳ ಸಹಭಾಗಿತ್ವದಲ್ಲಿ 2022ರ ಜುಲೈನಲ್ಲಿ ದೇಶದ ಹತ್ತು ನಗರಗಳಲ್ಲಿ ಮತ್ತೆ ಆರಂಭವಾಯಿತು.